ಮಂಡಿ ಕೆಳಗಿನ ಲೈಫ್ ಜಾಕೆಟ್

"ಅರ್ಲೀನ್, ಅದನ್ನ ಮಂಡಿ ಕೆಳಗೆ ಇಟ್ಕೋಬೇಡ! ಮೈಮೇಲೆ ಹಾಕ್ಕೋ!"

ಆ ದನಿ ಕೇಳಿದ್ದೇ ಅರ್ಲೀನ್‌ಳ ಮೈ ಉರಿದುಹೋಯಿತು. ಎರಡು ವರ್ಷದಿಂದ ಅವಳು ಮುಖ ನೋಡದ ಸೈಲಸ್ ದಡದಲ್ಲಿ ನಿಂತಿದ್ದ. ಒಂದು ಕಾಲಕ್ಕೆ ಅವಳನ್ನು ಮದುವೆಯಾಗಬೇಕಿದ್ದವನು...

ಮೇ ತಿಂಗಳು. ಸರೋವರದ ಮಂಜುಗಡ್ಡೆ ಕರಗಿ ವಾರವಷ್ಟೇ ಆಗಿತ್ತು. ಅಣ್ಣ ಮೋಸಸ್ ಮುಳುಗಿದ ಜಾಗದಲ್ಲಿ, ನಮ್ಮವರ ಪದ್ಧತಿಯಂತೆ ಅವನ ಹೆಸರಿನಲ್ಲಿ ನೀರಿಗೆ ಹೊಗೆಸೊಪ್ಪು ಬಿಡಲು ಅವಳು ದೋಣಿಯಲ್ಲಿ ಒಬ್ಬಳೇ ಹೊರಟಿದ್ದಳು.

ಒಂಟಾರಿಯೊದ ಉತ್ತರದ ನಮ್ಮೂರಲ್ಲಿ ಲೈಫ್ ಜಾಕೆಟ್ ಇಲ್ಲದ ದೋಣಿಯಿಲ್ಲ, ಆದರೆ ತೊಡುವವರು ಯಾರು? ನೀರಲ್ಲೇ ಬೆಳೆದವರೆಂಬ ಜಂಬ ನಮಗೆ! ಮಂಡಿಯೂರಿ ಹುಟ್ಟು ಹಾಕುವಾಗ ನೋಯದಿರಲೆಂದು ಅದನ್ನು ಮಡಚಿ ಕೆಳಗಿಟ್ಟುಕೊಳ್ಳುತ್ತೇವೆ. ಮೋಸಸ್ ಒಬ್ಬನೇ ತೊಡುತ್ತಿದ್ದ. ಅದಕ್ಕೆ ಎಲ್ಲರೂ ಅವನನ್ನು 'ಅಜ್ಜಿ' ಎಂದು ಆಡಿಕೊಳ್ಳುತ್ತಿದ್ದರು.

"ನನಗೆ ಬುದ್ಧಿ ಹೇಳೋಕೆ ನಾಚಿಕೆ ಆಗಲ್ವಾ? ಅವತ್ತು ನೀನೊಬ್ಬನೇ ದಡ ಸೇರಿದಾಗ ನಿನ್ನ ಮೈಮೇಲಿದ್ದದ್ದು ಯಾರ ಜಾಕೆಟ್? ಬೆನ್ನ ಮೇಲೆ ನಮ್ಮಣ್ಣನ ಹೆಸರಿತ್ತು ಸೈಲಸ್!"

'ಕಿತ್ಕೊಂಡು ಬದುಕ್ಕೊಂಡ' ಎಂದು ಊರೆಲ್ಲ ಆಡಿತ್ತು. ಅವನು ಒಮ್ಮೆಯೂ ಇಲ್ಲವೆನ್ನಲಿಲ್ಲ. ಅವಳಿಗೆ ಅದು ಗಾಯದ ಮೇಲೆ ಬರೆ ಎಳೆದಂತಾಗಿತ್ತು.

"ಬೈಯಿ, ಹೊಡಿ... ಆದ್ರೆ ಹಾಕ್ಕೊಂಡು ಹೋಗು."

"ಹಾಕಲ್ಲ! ಮುಳುಗಿದ್ರೆ ಮುಳುಗ್ತೀನಿ. ನಿನಗೇನು?"

ಅವಳು ದೋಣಿ ನೂಕಿದಳು. ಸೈಲಸ್ ಸೊಂಟದ ತನಕ ನೀರಿಗಿಳಿದು ದೋಣಿಯ ಅಂಚು ಹಿಡಿದುಕೊಂಡ.

"ನಾನು ಕಿತ್ಕೊಂಡಿಲ್ಲ ಅರ್ಲೀನ್! ದೋಣಿ ಮಗುಚಿದಾಗ ನಂದು ಮಂಡಿ ಕೆಳಗಿತ್ತು. ತೇಲ್ಕೊಂಡು ಹೋಯ್ತು. ಬಂಡೆಗೆ ಬಡಿದು ಭುಜ ಮುರಿದಿತ್ತು, ಈಜೋಕಾಗ್ಲಿಲ್ಲ. ಮೋಸಸ್ ತನ್ನದನ್ನ ಬಿಚ್ಚಿ ನನಗೆ ಹಾಕ್ದ. ಈ ಕೊರೆಯೋ ನೀರಲ್ಲಿ ಬೆರಳು ಎಷ್ಟು ಹೊತ್ತು ಆಡುತ್ತೆ, ನಿನಗೇ ಗೊತ್ತಲ್ಲ? ಅಷ್ಟು ಹೊತ್ತೂ ಅವನು ನನ್ನ ಬಕಲ್ ಹಾಕ್ತಾ ಇದ್ದ... ಆಮೇಲೆ ದೋಣಿ ಹಿಡ್ಕೊಳ್ಳೋಕೆ ಅವನ ಕೈಲಾಗ್ಲಿಲ್ಲ."

ಅರ್ಲೀನ್ ಹುಟ್ಟನ್ನು ದೋಣಿಯೊಳಗಿಟ್ಟು ಅವನತ್ತ ತಿರುಗಿದಳು.

"ಎರಡು ವರ್ಷ ಯಾಕೆ ಹೇಳ್ಲಿಲ್ಲ?"

"ನನ್ನ ಮಂಡಿ ನೋಯ್ಬಾರ್ದು ಅಂತ ನಿಮ್ಮಣ್ಣ ಸತ್ತ... ಇದನ್ನ ಯಾವ ಬಾಯಲ್ಲಿ ಹೇಳ್ಲಿ?"

ಅವಳು ಅವನ ಕೆನ್ನೆಗೆ ಛಟೀರನೆ ಬಾರಿಸಿದಳು. ಮರುಕ್ಷಣ ಅವನ ಕೊರಳು ತಬ್ಬಿ ಬಿಕ್ಕಿದಳು. 'ಅಯ್ಯೋ ಅಣ್ಣಾ... ನೀನು ಉಳಿಸಿದ ಜೀವವನ್ನೇ ಸಾಯಲಿ ಅಂತ ಶಪಿಸ್ತಾ ಕೂತಿದ್ದೆನಲ್ಲಾ!'

ಸೈಲಸ್‌ನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಅವಳು ಅವನನ್ನು ದಡಕ್ಕೆಳೆದು, ಚೀಲದಲ್ಲಿದ್ದ ಒಣಬಟ್ಟೆ ಕೊಟ್ಟು, ಬಿಸಿ ಚಹಾ ಕುಡಿಸಿದಳು. ನಡುಕ ನಿಂತು ಮುಖಕ್ಕೆ ಬಣ್ಣ ಬರುವ ತನಕ ಕಾದಳು. ದೋಣಿಮನೆಯಿಂದ ಇನ್ನೊಂದು ಜಾಕೆಟ್ ತಂದು ಅವನಿಗೆ ತೊಡಿಸಿ, ತನ್ನದನ್ನೂ ಬಿಗಿದುಕೊಂಡಳು.

"ಗಾಳಿ ಇದೆ, ದೋಣಿ ತಿರುಗಿಸೋಕೆ ನಾನು ಹಿಂದೆ ಕೂರ್ತೀನಿ," ಎಂದ ಸೈಲಸ್.

"ಬೇಡ. ಮುಂದೆ ಕೂತ್ಕೋ. ನೀನು ನನ್ನ ಕಣ್ಣೆದುರಿಗೇ ಇರ್ಬೇಕು."

ಅವನು ಹೆದರುತ್ತಲೇ ಕೇಳಿದ:

"ಇವತ್ತು ಮಾತ್ರಾನಾ?"

"ಕೂತ್ಕೋ ಅಂದೆ ಅಷ್ಟೇ... ಏಳು ಅಂತ ನಾನು ಯಾವತ್ತಾದ್ರೂ ಅಂದ್ರೆ, ಆಗ ಕೇಳು!"