ಎರಡು ಸೆಂಟಿಮೀಟರ್ ಸಡಿಲ

"ಇದನ್ನ ಹೊಲಿದವಳು ನೀನೇ ತಾನೇ?"

ಗಾಶ್ಪರ್ ನೀಲಿ ಉಡುಪನ್ನು ಬ್ರಿನಾಳ ಹೊಲಿಗೆ ಯಂತ್ರದ ಮೇಲೆ ಎಸೆದ.

ತಂಡದ ಉಡುಪು ಹೊಲಿಯುವ ಅವಳು ಎರಡು ವರ್ಷದಿಂದ ಅವನ ಅಳತೆ ತೆಗೆಯುತ್ತಿದ್ದಳು. ಅವನಾಗಿಯೇ ಅವಳನ್ನು ಮಾತಾಡಿಸಿದ್ದು ಇವತ್ತೇ ಮೊದಲು... ಅದೂ ಹೀಗೆ.

ಹೊರಗೆ ಪ್ಲಾನಿತ್ಸಾ ಕಣಿವೆಯ ಸ್ಕೀ ಜಿಗಿತದ ಇಳಿಜಾರಿನ ಬುಡದಲ್ಲಿ ಜನ ಇನ್ನೂ ಡೋಲು ಬಡಿಯುತ್ತಿದ್ದರು. ಕಳೆದ ವರ್ಷದ ಚಾಂಪಿಯನ್ ಗಾಶ್ಪರ್ ಇವತ್ತೂ ಎಲ್ಲರಿಗಿಂತ ದೂರ ಹಾರಿದ್ದ. ಆದರೆ ಇಳಿದ ಮೇಲೆ ತಪಾಸಣೆಯವರು ಟೇಪು ಹಿಡಿದರು. ಸೊಂಟದ ಹತ್ತಿರ ಬಟ್ಟೆ ಎರಡು ಸೆಂಟಿಮೀಟರ್ ಸಡಿಲ. ಸಡಿಲ ಬಟ್ಟೆ ಗಾಳಿ ತುಂಬಿಕೊಂಡು ಹಾರಿಸುತ್ತದೆ, ಅದು ಮೋಸ. ಅವನ ಹೆಸರನ್ನೇ ಪಟ್ಟಿಯಿಂದ ಅಳಿಸಿಬಿಟ್ಟರು.

"ಕಣ್ಣು ಎಲ್ಲಿಟ್ಕೊಂಡು ಹೊಲಿದೆ?"

ಬ್ರಿನಾ ಉಡುಪಿನ ಸೊಂಟದ ಹೊಲಿಗೆಯನ್ನು ಬೆರಳಿನಿಂದ ತಡವಿದಳು. ಮೂರು ವಾರದ ಹಿಂದೆ ಇದೇ ಉಡುಪಿಗೆಂದು ಅವನ ಸೊಂಟ ಸುತ್ತಿದಾಗ ಟೇಪು ಎಂದಿನ ಅಂಕಿಯನ್ನೇ ತೋರಿಸಿತ್ತು. ಆದರೆ ಅವಳ ಬೆರಳಿಗೆ ಪಕ್ಕೆಲುಬುಗಳು ತಾಕಿದ್ದವು, ಒಂದೊಂದಾಗಿ. ಹೊಟ್ಟೆ ಮಾತ್ರ ಬಿಗಿದ ಚೆಂಡಿನಂತಿತ್ತು.

'ಕೈ ಹೇಳಿದ್ದನ್ನ ಯಾಕೆ ನಂಬಲಿಲ್ಲ ನಾನು? ಟೇಪನ್ನೇ ಯಾಕೆ ನಂಬಿದೆ?'

ತರಬೇತುದಾರ ಲೋಯ್ಜೆ ಒಳಗೆ ಬಂದರು. ಮುಖ ಕಪ್ಪಿಟ್ಟಿತ್ತು.

"ಬ್ರಿನಾ, ನಿಜ ಹೇಳು ಮಗಳೇ. ಅಳತೆ ತಪ್ಪು ಮಾಡಿದ್ದು ನೀನಾ?"

ಅವಳು ಗಾಶ್ಪರ್‌ನನ್ನು ನೋಡಿದಳು. ಅವನು ಚಕ್ಕನೆ ಕಣ್ಣು ತಗ್ಗಿಸಿದ. ಅಷ್ಟೇ ಸಾಕಾಯಿತು ಅವಳಿಗೆ. ಇವನು ಸೊರಗಿದ್ದನ್ನು ಮುಚ್ಚಿಟ್ಟಿದ್ದಾನೆ. ನಿಜ ಹೇಳಿದರೆ ಇವನನ್ನು ತಂಡದಿಂದ ಇಳಿಸುತ್ತಾರೆ. ಹೇಳದಿದ್ದರೆ ಇವನು ಹೀಗೇ ಕರಗುತ್ತಾನೆ. ಯಾವುದು ಸರಿ... ಅವಳಿಗೆ ತಿಳಿಯಲಿಲ್ಲ.

"ಹೌದು ಲೋಯ್ಜೆ ಮಾಮ. ನಾನೇ."

"ಹಾಗಾದ್ರೆ ನಾಳೆಯಿಂದ ಬರೋದು ಬೇಡ."

ಕತ್ತರಿ, ಸೂಜಿಡಬ್ಬಿ ಚೀಲಕ್ಕೆ ಹಾಕಿಕೊಂಡು ಅವಳು ಬಸ್ ನಿಲ್ದಾಣಕ್ಕೆ ನಡೆದಳು. ಅರ್ಧ ದಾರಿಯಲ್ಲಿ ಹಿಂದಿನಿಂದ ಹಿಮ ತುಳಿಯುವ ಸದ್ದು. ಗಾಶ್ಪರ್ ಏದುಸಿರು ಬಿಡುತ್ತಿದ್ದ. ಅಷ್ಟು ದೂರ ಓಡುವ ಶಕ್ತಿಯೂ ಅವನಲ್ಲಿ ಇರಲಿಲ್ಲ.

"ಯಾಕೆ ಸುಳ್ಳು ಹೇಳಿದೆ?"

"ನೀನು ಯಾಕೆ ಸುಮ್ಮನಿದ್ದೆ?"

ಅವನು ರಸ್ತೆಯಂಚಿನ ಹಿಮದ ಮೇಲೆ ಕುಸಿದು ಕುಳಿತ.

"ನೀನು ಅಳತೆ ತೆಗೆದ ದಿನ ತೂಕಾನೂ ನೋಡ್ತಿದ್ರು. ತೂಕ ಇಳಿದ್ರೆ ಸ್ಕೀ ಗಿಡ್ಡ ಮಾಡಿಸ್ತಾರೆ, ಗಿಡ್ಡ ಸ್ಕೀಯಲ್ಲಿ ಯಾರು ಗೆಲ್ತಾರೆ? ಎರಡು ಲೀಟರ್ ನೀರು ಕುಡಿದು ಬಂದಿದ್ದೆ. ನೀನು ಅಳೆದಿದ್ದು ನನ್ನನ್ನಲ್ಲ, ಆ ನೀರನ್ನ."

"ಇವತ್ತು?"

"ಇವತ್ತೂ ಕುಡಿದೆ. ಒಳಗೆ ನಿಲ್ಲಲಿಲ್ಲ, ವಾಂತಿ ಆಯ್ತು." ಅವನು ಹಿಮವನ್ನು ಮುಷ್ಟಿಯಲ್ಲಿ ಹಿಂಡಿದ. "ಮೊದಮೊದಲು ಹಗುರಾದ್ರೆ ದೂರ ಹಾರ್ತೀನಿ ಅಂತ ನಾನೇ ಊಟ ಬಿಡ್ತಿದ್ದೆ, ಬ್ರಿನಾ. ಈಗ ತಿನ್ನೋಣ ಅಂದ್ರೂ ಆಗ್ತಿಲ್ಲ. ಭಾನುವಾರ ಅಮ್ಮ ಸೂಪು ಬಡಿಸಿ ಎದುರಿಗೇ ಕೂರ್ತಾಳೆ. ಚಮಚ ಎತ್ತೋಕೇ ಆಗಲ್ಲ..."

ಉಡುಪಾಗಿದ್ದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಇದನ್ನು ಏನು ಮಾಡುವುದು?

"ಮಾಮನಿಗೆ ಹೇಳೋಣ," ಎಂದಳು ಕೊನೆಗೆ. "ಜೊತೆಗೆ ನಾನೂ ಬರ್ತೀನಿ."

ಇಬ್ಬರೂ ಹೊಲಿಗೆ ಕೋಣೆಗೆ ಮರಳಿ ಎಲ್ಲವನ್ನೂ ಹೇಳಿದರು. ಲೋಯ್ಜೆ ಕೈಯಲ್ಲಿದ್ದ ಟೋಪಿಯನ್ನು ಮೇಜಿನ ಮೇಲಿಟ್ಟರು.

"ನಾಳೆ ಡಾಕ್ಟರ ಹತ್ರ ಹೋಗೋಣ. ಈ ಚಳಿಗಾಲ ನೀನು ಜಿಗಿಯಲ್ಲ, ಗಾಶ್ಪರ್. ಮುಂದಿನದ್ದು ನಂಗೂ ಗೊತ್ತಿಲ್ಲ." ಬಾಗಿಲ ಬಳಿ ನಿಂತು ಗೊಣಗಿದರು, "ಬ್ರಿನಾ, ನೀನು ನಾಳೆ ಕೆಲಸಕ್ಕೆ ಬಾ. ಮತ್ತೆ ಸುಳ್ಳು ಹೇಳಿದ್ರೆ ನಿನ್ನ ಯಂತ್ರಾನ ಇಳಿಜಾರಿನ ಮೇಲಿಂದ ತಳ್ತೀನಿ, ನೋಡು."

ಇಬ್ಬರೇ ಉಳಿದರು. ಗಾಶ್ಪರ್ ಮುಖ ಮುಚ್ಚಿಕೊಂಡ.

"ಏಳನೇ ವಯಸ್ಸಿಂದ ಜಿಗೀತಿದ್ದೀನಿ. ಅದಿಲ್ದಿದ್ರೆ ನಾನು ಯಾರು?"

"ಗೊತ್ತಿಲ್ಲ. ಜಿಗಿಯದ ಆ ಗಾಶ್ಪರ್‌ನನ್ನ ನಾನೂ ಇನ್ನೂ ನೋಡಿಲ್ಲ." ಬ್ರಿನಾ ಅವನ ತಣ್ಣಗಿನ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು. "ನೋಡ್ಬೇಕು ಅಂತ ಎರಡು ವರ್ಷದಿಂದ ಆಸೆ."

ಅವನು ಮೆಲ್ಲಗೆ ತಲೆಯೆತ್ತಿದ.

"ಅವನು ನಿನಗೆ ಇಷ್ಟ ಆಗದಿದ್ರೆ?"

"ಮೊದಲು ಬರಲಿ..."