ಗೋಡೆಯೊಳಗಿನ ಬಾನಿ

ಕಲ್ಲು ಹೊಳೆವ್ವನ ಕೈ ಬಿಟ್ಟಾಗಿತ್ತು.

ಅದು ನೇರ ವಿಠೋಬನ ಹಣೆಗೆ ಬಡಿಯಿತು. ಅವನು ಹಾರೆ ಹಾಕಿ ಎತ್ತಿದ್ದ ಕಲ್ಲಿನ ಬಾನಿ, ಕುರಿಗಳು ಸಾಲಾಗಿ ನಿಂತು ನೀರು ಕುಡಿಯುವ ಎರಡು ಮಾರು ಉದ್ದದ ಬಾನಿ, ಜಾರಿ ಅವನ ಎಡಗೈ ಮೇಲೆ ಕೂತಿತು.

ಅವನು ಕಿರುಚಲಿಲ್ಲ. ಕೈ ಕಡೆಗೂ ನೋಡಲಿಲ್ಲ. ಹೊಳೆವ್ವನ ಕಡೆ ನೋಡಿದ.

"ನಮ್ಮಜ್ಜ ಕಡದ ಬಾನಿ ಅದು." ಅವಳು ಕೂಗಿದಳು. "ಅಣ್ಣನ್ನ ತಗೊಂಡ್ರಿ. ಬಾವಿ ತಗೊಂಡ್ರಿ. ಈಗ ಇದನ್ನೂ ಒಯ್ಯಾಕತ್ತಿಯೇನ?"

ವಿಠೋಬ ಏನೋ ಹೇಳಲು ಬಾಯಿ ತೆರೆದ... ಅಷ್ಟರಲ್ಲಿ ಕೆಲಸದವರು ಓಡಿ ಬಂದರು. ಅವಳು ಕುರಿ ಹೊಡೆದುಕೊಂಡು ಹೊರಟುಬಿಟ್ಟಳು. ತಿರುಗಿ ನೋಡಲಿಲ್ಲ. ನೋಡಿದ್ದರೆ ಅವನ ಕಡೆಗೇ ಓಡುತ್ತಿದ್ದಳು.

ಏಕೆಂದರೆ ಆರು ತಿಂಗಳ ಹಿಂದೆ ಇದೇ ವಿಠೋಬನಿಗೆ ಅವಳನ್ನು ಕೊಡುವ ಮಾತಾಗಿತ್ತು.

ಅವನು ಸೋದರತ್ತೆ ಮಲಕವ್ವನ ಮಗ; ವರಸೆಯಲ್ಲಿ ಅವಳಿಗೆ 'ಮಾಮಾ'. ಕೊಗನೊಳ್ಳಿಯ ಆಚೆ, ಗಡಿಯ ಆ ಮರಾಠಿ ಬದಿಗೆ ಅವರ ಮನೆ; ಈ ಕನ್ನಡ ಬದಿಗೆ ಇವರದು. ನಡುವೆ ಒಂದು ಬಾವಿ, ಒಂದು ಬಾನಿ. ಕುರಿ ಕಾಯುವ ಮನೆಯಲ್ಲಿ ಹುಟ್ಟಿದರೂ ವಿಠೋಬ ಗವಂಡಿ ಕೆಲಸ ಕಲಿತಿದ್ದ. ಅವನು ಕಟ್ಟಿದ ಗೋಡೆಗೆ ನೂಲು ಹಿಡಿದು ನೋಡಬೇಕಿಲ್ಲ ಎನ್ನುತ್ತಿದ್ದರು.

ಆಮೇಲೆ ಎಂಬತ್ತಾರನೆಯ ಇಸವಿಯ ಕನ್ನಡ-ಮರಾಠಿ ಭಾಷಾ ಗಲಾಟೆ ಬಂತು. ಅವಳ ಅಣ್ಣ ಭರಮು ಉಣ್ಣೆ ಮಾರಲು ನಿಪ್ಪಾಣಿಗೆ ಹೋಗಿದ್ದ. ಅವನಿಗೆ ಯಾವ ಘೋಷಣೆಯೂ ಬರುತ್ತಿರಲಿಲ್ಲ. ಕುರಿಗಳನ್ನು ಕನ್ನಡದಲ್ಲಿ ಬೈದು ಮರಾಠಿಯಲ್ಲಿ ಮುದ್ದು ಮಾಡುವ ಮನುಷ್ಯ! ಬಜಾರಿನಲ್ಲಿ ಎಲ್ಲಿಂದಲೋ ಬಂದ ಕಲ್ಲು ತಲೆಗೆ ಬಿತ್ತು. ಎಸೆದವರು ಯಾರು, ಯಾವ ಕಡೆಯವರು, ಇವತ್ತಿಗೂ ಗೊತ್ತಿಲ್ಲ. ಸಂಜೆಗೆ ಹೆಣ ಮನೆಗೆ ಬಂತು.

ಅಪ್ಪ ಮಾಳಸಿದ್ದ ಅಂದೇ ತಂಗಿಯ ಮನೆಯ ಸಂಬಂಧ ಹರಿದುಕೊಂಡ.

ಊರಿನ ದೊಡ್ಡವರಿಗೆ ಅಷ್ಟೇ ಬೇಕಿತ್ತು. ಈ ಕಡೆಯ ಲಗಮಣ್ಣ, ಆ ಕಡೆಯ ಬಾಬಾಸಾಹೇಬ ಕಬ್ಬಿನ ತೋಟದಲ್ಲಿ ಒಟ್ಟಿಗೆ ಕೂತು ಮಟನ್ ಉಂಡು, ಜಗಳ ಬೇಡ, ನಡುವೆ ಗೋಡೆ ಕಟ್ಟೋಣ ಎಂದು ತೀರ್ಮಾನಿಸಿದರು. ಬಾವಿ ಆ ಕಡೆಗೆ ಹೋಯಿತು. ಲಗಮಣ್ಣನಿಗೇನು? ಅವನಿಗೆ ಬೋರ್ ಇತ್ತು. ಅವನ ಕಬ್ಬಿನ ಲಾರಿ ದಿನಾ ಗಡಿ ದಾಟಿ ಆ ಕಡೆಯ ಫ್ಯಾಕ್ಟರಿಗೆ ಹೋಗುತ್ತಿತ್ತು. ಅದನ್ನು ತಡೆಯುವ ಗೋಡೆಯನ್ನು ಯಾರೂ ಕಟ್ಟಲಿಲ್ಲ. ಕುರಿ ನಡೆಯುವ ದಾರಿಗೆ ಮಾತ್ರ ಕಟ್ಟಿದರು.

ಮತ್ತು ಆ ಗೋಡೆ ಕಟ್ಟಲು ಒಪ್ಪಿದವನು ವಿಠೋಬ!

'ಬೇರೆ ಯಾರೂ ಗವಂಡಿ ಸಿಗಲಿಲ್ಲವೇ? ನೀನೇ ಬೇಕಾಗಿತ್ತೇ, ಮಾಮಾ?' ಹೊಳೆವ್ವ ದಿನವೂ ಮನಸ್ಸಿನಲ್ಲೇ ಕೇಳುತ್ತಿದ್ದಳು.

ಕಲ್ಲು ಬೀಸಿದ ನಾಲ್ಕನೆಯ ದಿನ ಸುದ್ದಿ ಬಂತು. ನಿಪ್ಪಾಣಿಯ ದವಾಖಾನೆಯಲ್ಲಿ ವಿಠೋಬನ ಎರಡು ಬೆರಳು ತೆಗೆದರಂತೆ.

ಆಗಲಿ, ಎಂದುಕೊಂಡಳು. ಆದರೆ ಮುರಿದ ರೊಟ್ಟಿಯನ್ನು ತಿರುಗಿ ಬುಟ್ಟಿಗೆ ಇಟ್ಟಳು.

ಅದೇ ದಿನ ಲಗಮಣ್ಣ ಮನೆ ಬಾಗಿಲಿಗೆ ಬಂದ. ಎಂದೂ ಬರದವನು. ಕಟ್ಟೆ ಮೇಲೆ ಕೂತು ಚಹಾ ಕುಡಿದ.

"ಮಾಳಸಿದ್ದಾ, ಹುಲಿಯಂಥಾ ಮಗಳನ್ನ ಹಡದಿ ನೋಡ. ಒಂದ ಕಲ್ಲಿಗೆ ಆ ಕಡಿಂವನ ಎರಡ ಬೆರಳ ಇಳಿಸ್ಯಾಳ."

ಹೊಳೆವ್ವ ಬಾಗಿಲ ಬಳಿ ನಿಂತು ಕೇಳಿದಳು. ಅಣ್ಣನಿಗೆ ಕಲ್ಲು ಎಸೆದವನನ್ನೂ ಯಾವುದೋ ಕಟ್ಟೆಯ ಮೇಲೆ ಹೀಗೇ ಹೊಗಳಿರುತ್ತಾರೆ... ಹೀಗೇ ಚಹಾ ಕುಡಿಯುತ್ತಾ...

ಒಳಗೆ ಹೋಗಿ ಬಲಗೈಯನ್ನು ಬೂದಿ ಹಾಕಿ ತಿಕ್ಕಿದಳು. ಚರ್ಮ ಕೆಂಪಾಗುವವರೆಗೆ ತಿಕ್ಕಿದಳು.

ಗೋಡೆ ಎದ್ದಿತು. ಒಂಟಿ ಕೈಯಲ್ಲೇ ವಿಠೋಬ ಅದನ್ನು ಮುಗಿಸಿದನೆಂದು ಜನ ಹೇಳಿದರು. ಹೊಳೆವ್ವ ಆ ಕಡೆ ಹೋಗಲಿಲ್ಲ. ಕುರಿಗಳನ್ನು ದೂರದ ದೂಧಗಂಗೆ ಹೊಳೆಗೆ ಹೊಡೆಯುತ್ತಿದ್ದಳು. ಬಿಸಿಲಿಗೆ ದಾರಿಯಲ್ಲೇ ಮೂರು ಮರಿ ಸತ್ತವು. ಮೂರನೆಯದನ್ನು ಹೂತ ದಿನ ಅಪ್ಪ, ಕುರಿಗಳನ್ನೆಲ್ಲ ಮಾರಿಬಿಡೋಣ ಎಂದ.

ಮರುದಿನ ಮುಂಜಾನೆ ಮುಂದೆ ನಡೆಯುತ್ತಿದ್ದ ಟಗರು ದಾರಿಯಲ್ಲಿ ಮೂಗು ಎತ್ತಿ ನಿಂತಿತು. ತಿರುಗಿತು. ಹಿಂಡೆಲ್ಲ ಅದರ ಬೆನ್ನು ಹತ್ತಿ ಗೋಡೆಯ ಕಡೆ ಓಡಿತು. ಹೊಳೆವ್ವ ಕೂಗುತ್ತಾ ಹಿಂದೆ ಓಡಿದಳು.

ಓಡಿದವಳು ನಿಂತುಬಿಟ್ಟಳು.

ಗೋಡೆಯ ಬುಡದಲ್ಲಿ ಒಂದು ಕಮಾನು. ಕಮಾನಿನ ಕೆಳಗೆ ಅಜ್ಜನ ಬಾನಿ! ಅರ್ಧ ಈ ಕಡೆ, ಅರ್ಧ ಆ ಕಡೆ. ತುಂಬ ನೀರು. ಈ ಕಡೆಯ ಕುರಿಗಳು ಮೂತಿ ಇಟ್ಟಿದ್ದವು. ಕಮಾನಿನ ಆಚೆ ಅತ್ತೆಯ ಮನೆಯ ಕುರಿಗಳೂ ಅದೇ ನೀರಿಗೆ ಮೂತಿ ಇಟ್ಟಿದ್ದವು.

ಅವಳು ಅಲ್ಲೇ ನೆಲಕ್ಕೆ ಕೂತಳು. ಆಚೆಯಿಂದ ಬಾವಿಯ ರಾಟೆಯ, ಆ ಹಳೇ ಗಡಗಡಿಯ, ಸದ್ದು ಕೇಳಿತು. ಕೊಡ ತುಂಬಿ ಮೇಲೆ ಬಂತು, ನಿಂತಿತು, ಮತ್ತೆ ಜಾರಿ ನೀರಿಗೆ ಬಿತ್ತು. ಮತ್ತೆ ಎತ್ತಿದ ಸದ್ದು. ಮತ್ತೆ ಜಾರಿತು.

"ಮಾಮಾ..."

ಗಡಗಡಿ ನಿಂತಿತು.

"ಅವತ್ತ ಹೇಳಬಾರದಿತ್ತೇನ?"

"ಹೇಳಾಕ ಬಿಟ್ಟಿಯೇನ ನೀ?" ಕಮಾನಿನ ಆಚೆಯಿಂದ ವಿಠೋಬನ ದನಿ ಬಂತು. ಸಿಟ್ಟಿರಲಿಲ್ಲ. ದಣಿವಿತ್ತು. "ಬ್ಯಾರೆ ಗವಂಡಿ ಬಂದಿದ್ರ ಕಿಂಡಿ ಇಲ್ಲದ ಬಂದ್ ಗೋಡಿ ಕಟ್ಟತಿದ್ದ. ಅದಕ್ಕ ನಾ ಒಪ್ಪೀನಿ. ಇಲ್ಲಿ ಎರಿ ಮಣ್ಣ ಐತಿ, ಬುಡಕ್ಕ ಉದ್ದನ್ನ ಕಲ್ಲ ಅಡ್ಡ ಹಾಕಲಿಲ್ಲಂದ್ರ ಗೋಡಿ ವಾಲತೈತಿ ಅಂತ ದೊಡ್ಡವರಿಗೆ ಹೇಳೀನಿ. ಊರಾಗ ಅಷ್ಟ ಉದ್ದನ್ನ ಕಲ್ಲ ಇದೊಂದ."

"ಖರೇನ ವಾಲತಿತ್ತೇನ?"

"ಇಲ್ಲ. ಆದ್ರ ಈಗ ಇದನ್ನ ಕಿತ್ರ ಖರೇನ ಬೀಳತೈತಿ. ಹಂಗ ಕಟ್ಟೀನಿ."

ಹೊಳೆವ್ವ ನಗಲು ಹೋದಳು. ಅಳು ಬಂತು. ಸತ್ತ ಅಣ್ಣ, ಹೂತ ಮರಿಗಳು, ಹೋದ ಬೆರಳು... ಯಾವುದೂ ತಿರುಗಿ ಬರುವುದಿಲ್ಲ. ಗೋಡೆ ದಾಟಿದರೆ ಅಪ್ಪ ಮನೆಯ ಬಾಗಿಲು ತೆಗೆಯಲಿಕ್ಕಿಲ್ಲ. ಲಗಮಣ್ಣ ಸುಮ್ಮನಿರಲಿಕ್ಕಿಲ್ಲ. ಎಲ್ಲ ಗೊತ್ತಿತ್ತು ಅವಳಿಗೆ.

ಆಚೆ ಕೊಡ ಮತ್ತೆ ಜಾರಿ ಬಿತ್ತು.

ಅವಳು ಎದ್ದಳು. ಸೀರೆಯ ನೆರಿಗೆ ಎತ್ತಿ ಕಟ್ಟಿದಳು. ಕುರಿಗಳ ನಡುವೆ ದಾರಿ ಮಾಡಿಕೊಂಡು ಬಾನಿಯೊಳಗೆ ಕಾಲಿಟ್ಟಳು. ನೀರು ಮೊಣಕಾಲಿಗೆ ಬಂತು. ತಲೆ ಬಗ್ಗಿಸಿ, ಕಮಾನಿನ ಕೆಳಗೆ ನುಸುಳಿ, ಒದ್ದೆ ಮೈಯಲ್ಲಿ ಆಚೆ ಎದ್ದು ನಿಂತಳು.

ವಿಠೋಬ ಹಗ್ಗವನ್ನು ಒಂದು ಕೈಯಲ್ಲಿ, ಹಲ್ಲಿನಲ್ಲಿ ಹಿಡಿದಿದ್ದ. ಹಣೆಯ ಗಾಯ ಇನ್ನೂ ಕಪ್ಪಗಿತ್ತು. ಎಡಗೈಯನ್ನು ಬೆನ್ನ ಹಿಂದೆ ಮರೆಮಾಡಿದ.

ಅವಳು ಅದನ್ನು ಹಿಡಿದು ಮುಂದಕ್ಕೆ ಎಳೆದಳು. ಬೆರಳಿಲ್ಲದ ಜಾಗಕ್ಕೆ ತನ್ನ ಹಣೆ ಒತ್ತಿದಳು.

"ಯಾಕ ಬಂದಿ, ಹೊಳಿ?" ಅವನು ಕೇಳಿದ. "ನಿಮ್ಮಪ್ಪ ತಿರಿಗಿ ಮನಿಗೆ ಸೇರಿಸಾಂವಲ್ಲ."

ಅವಳು ಹಗ್ಗವನ್ನು ಅವನ ಕೈಯಿಂದ ಬಿಡಿಸಿ ತನ್ನ ಅಂಗೈಗೆ ಸುತ್ತಿಕೊಂಡಳು.

"ಅಪ್ಪನ ಕುರಿ ಬಾಯಾರ್ಯಾವ," ಎಂದಳು. "ನೀ ಗಡಗಡಿ ನೋಡ್ಕೋ. ನಾ ಜಗ್ಗತೀನಿ."