ಯಾರಿಗಿಂತ ಬೆಟರ್?

“ಮೇಘನಾ ಮಿಸ್ ಈಸ್ ಬೆಟರ್ ದ್ಯಾನ್... ಸ್ವರ್ಣಲತಾ ಮಿಸ್!”

ಕ್ಲಾಸಿಗೆ ಕ್ಲಾಸೇ ಘೊಳ್ಳೆಂದು ನಕ್ಕಿತು. ಬೋರ್ಡಿನ ಮುಂದೆ ನಿಂತಿದ್ದ ಸ್ವರ್ಣಲತಾಳ ಕೈಯಲ್ಲಿ ಚಾಕ್‌ಪೀಸು ಮುರಿಯಿತು.

ತಪ್ಪು ಅವಳದೂ ಇತ್ತು ಅನ್ನಿ! ಗುಂಡ್ಲುಪೇಟೆಯ ಈರುಳ್ಳಿ ಮಂಡಿಯ ಮಹಡಿಯಲ್ಲಿ ಸ್ಪೋಕನ್ ಇಂಗ್ಲಿಷ್ ಕಲಿಸುವ ಈ ಬೇಗೂರಿನ ಹುಡುಗಿ, ಆ ಸಂಜೆ ‘ಬೆಟರ್’ ಅನ್ನೋ ಪದ ಹಿಡಿದು ಕೂತಿದ್ದಳು.

“‘ಗುಡ್’ ಅಂದ್ರೆ ಚೆನ್ನಾಗಿದೆ, ಅಷ್ಟೆ. ‘ಬೆಟರ್’ ಅಂದ್ರೆ ಇನ್ನೊಂದಕ್ಕಿಂತ ಚೆನ್ನಾಗಿದೆ. ಆ ‘ಕಿಂತ’ಕ್ಕೆ ‘ದ್ಯಾನ್’ ಹಾಕ್ಬೇಕು. ‘ಮೋರ್ ಬೆಟರ್’ ಅಂದ್ರೆ ಮಾತ್ರ ಕಿವಿ ಹಿಂಡ್ತೀನಿ!”

ಮುಂದಿನ ಬೆಂಚಿನ ದಿಲ್ಶಾದ್ ಬೇಗಂ ಸುಮ್ಮನಿರಬೇಕಲ್ಲ! “ಮೃತ್ಯುಂಜಯಣ್ಣ, ನೀವೇ ಹೇಳಿ. ಹೋದ ವರ್ಷದ ಮೇಘನಾ ಮಿಸ್ ಬೆಟರ್ರಾ, ಈ ಮಿಸ್ ಬೆಟರ್ರಾ?” ಎಂದು ಕೆಣಕಿದಳು. ಕೆಳಗಿನ ಮಂಡಿಯಲ್ಲಿ ಈರುಳ್ಳಿ ವ್ಯಾಪಾರ ಮಾಡುವ ಮೃತ್ಯುಂಜಯ ನೆಲ ನೋಡುತ್ತಾ ಆ ಮಾತು ಒದರಿಬಿಟ್ಟ.

ದಿನವೂ ಎಲ್ಲರಿಗಿಂತ ಮೊದಲು ಬಂದು, ಕಿಟಕಿ ತೆರೆದಿಟ್ಟು ತನಗಾಗಿ ಕಾಯುತ್ತಿದ್ದವನು ಇವನೇನಾ? ಇವನನ್ನು ನಂಬಿಕೊಂಡು ತಾನೇ ಹರದನಹಳ್ಳಿಯ ಶಾಂತರಾಜುವಿನ ಸಂಬಂಧಕ್ಕೆ ಹೂಂ ಅನ್ನದೆ, ಊಹೂಂ ಅನ್ನದೆ ಮನೆಯವರನ್ನು ಸತಾಯಿಸಿದ್ದು... ಥತ್!

ಬಸ್ಸು ಹತ್ತಿದವಳೇ ಅವ್ವನಿಗೆ ಫೋನ್ ಮಾಡಿದಳು. “ಭಾನುವಾರ ಅವ್ರು ನೋಡಕ್ಕೆ ಬರ್ಲಿ ಬುಡವ್ವ. ನಂಗೆ ಒಪ್ಗೆ.”

ಹೇಳಿದ್ದೇ ತಡ, ತಳಮಳ ಶುರುವಾಯಿತು. ಆತುರ ಪಟ್ಟೆನಾ? ಅವನನ್ನು ಒಂದು ಮಾತು ಕೇಳಬೇಕಿತ್ತಾ? ಕೂತರೂ ಆಗದು, ನಿಂತರೂ ಆಗದು.

ತಡೆಯಲಾರದೆ ಮರುದಿನ ಮಧ್ಯಾಹ್ನವೇ ಹೊರಟು ನೇರ ಮಂಡಿಗೆ ನುಗ್ಗಿದಳು. ಮೃತ್ಯುಂಜಯ ಒಂದು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ರೈತ ಪುಟ್ಟಮಾದಯ್ಯನ ಮೇಲೆ ಹಾರಾಡುತ್ತಿದ್ದ.

“ಇದೂ ಒಂದು ಮಾಲೇನಣ್ಣ? ಆ ಪಕ್ಕದ್ ರಾಶಿನೇ ವಾಸಿ ಕಣ, ಓಗು!”

ಬಾಯಿ ಬೈಯುತ್ತಿದ್ದರೂ ಕೈ ಮಾತ್ರ ಆ ರಾಶಿ ಬಿಟ್ಟು ಕದಲಲಿಲ್ಲ. ಕೊನೆಗೆ ಕೊಂಡದ್ದೂ ಅದನ್ನೇ!

ಸ್ವರ್ಣಲತಾ ಬೆರಗಾದದ್ದು ಕಂಡು ಪುಟ್ಟಮಾದಯ್ಯ ನಕ್ಕ. “ಇಲ್ಲಿ ಅಂಗೇ ಕಣವ್ವ. ಮನ್ಸಿಗೆ ಇಡ್ಸಿದ್ನ ಬಾಯ್ಬುಟ್ಟು ಒಗಳ್ಬುಟ್ರೆ ಪಕ್ಕದವ್ನು ಎತ್ಕೊಂಡೋಗ್ತಾನೆ. ಇವ್ನು ಬೈದ ಅಂದ್ರೆ ಆ ಮಾಲ್ನ ಬುಡಾಕಿಲ್ಲ ಅಂತ್ಲೇ!”

ಹಾಗಾದರೆ ನಿನ್ನೆ ಕ್ಲಾಸಿನಲ್ಲಿ ಅಂದದ್ದೂ ಹೀಗೇನಾ? ಸಿಟ್ಟು ಮಾತ್ರ ಇನ್ನಷ್ಟು ಏರಿತು.

“ನಾನೇನು ಈರುಳ್ಳಿ ರಾಶಿನೇನ್ರೀ?”

ಮೃತ್ಯುಂಜಯ ಗಾಬರಿಯಿಂದ ಎದ್ದ. “ಮಿಸ್... ಎಲ್ರೂ ನನ್ನೇ ನೋಡ್ತಿದ್ರು. ಅಭ್ಯಾಸಬಲ, ಬಾಯಿ ಅಂಗೇ ಅಂದ್ಬುಡ್ತು...”

“ಸರಿ. ಭಾನುವಾರ ಹರದನಹಳ್ಳಿಯಿಂದ ನನ್ನ ನೋಡಕ್ಕೆ ಬರ್ತಾರೆ. ನಾನು ಒಪ್ಕೊಂಡಾಯ್ತು!”

ಅವನ ಮುಖ ಬಿಳಿಚಿಕೊಂಡಿತು. “ನಾ ಅಂದ ಒಂದು ಮಾತ್ಗಾ?”

“ಇನ್ನೊಬ್ರನ್ನ ನನಗಿಂತ ಮೇಲೆ ಅಂದ್ರಲ್ಲ! ಅದೂ ಎಲ್ಲರ ಮುಂದೆ!” ಅವಳ ಕಣ್ಣು ತುಂಬಿ ಬಂತು.

“ಆ ಮೇಘನಾ ಮಿಸ್ ಯಾರು ಅಂತ್ಲೇ ನಂಗೊತ್ತಿಲ್ಲ! ನಾನು ಕ್ಲಾಸ್ಗೆ ಸೇರಿದ್ದೇ ಈ ವರ್ಷ!”

ಆ ಕೂಗಿಗೆ ಮಂಡಿಯ ಹಮಾಲಿಗಳೆಲ್ಲ ತಿರುಗಿ ನೋಡಿದರು.

“ಕೇಳ್ಲಿ, ಎಲ್ರೂ ಕೇಳ್ಲಿ! ನೀವಂದ್ರೆ ನಂಗೆ ಪ್ರಾಣ. ಕೈ ಬುಡ್ಬೇಡಿ ಮಿಸ್...”

ಇದೊಂದು ಮಾತಿಗೆ ಎಷ್ಟು ಕಾದಿದ್ದಳೋ! ಅಲ್ಲೇ ನಿಂತು ಫೋನ್ ಒತ್ತಿದಳು.

“ಅವ್ವಾ, ಹರದನಹಳ್ಳಿಯವ್ರಿಗೆ ಬೇಡ ಅಂದ್ಬುಡು. ನಿನ್ನ ದಮ್ಮಯ್ಯ!”

“ನೆನ್ನೆ ತಾನೇ ಹೂಂ ಅಂದ್ಯಲ್ಲಮ್ಮಿ! ಯಾಕೆ, ಶಾಂತರಾಜುಗಿಂತ ವಾಸಿ ಹುಡ್ಗ ಸಿಕ್ಬುಟ್ನಾ?”

ಸ್ವರ್ಣಲತಾ ಎದುರಿಗಿದ್ದವನನ್ನು ನೋಡಿದಳು. ಅಂಗಿಯ ತುಂಬ ಈರುಳ್ಳಿ ಸಿಪ್ಪೆ ಅಂಟಿಸಿಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದ.

“ವಾಸಿನೋ ಅಲ್ವೋ ನಂಗೊತ್ತಿಲ್ಲವ್ವ. ನಂಗೆ ಇವ್ರೇ ಬೇಕು.”

ಫೋನ್ ಇಟ್ಟ ಮೇಲೂ ಅವನಿಗೆ ನಂಬಿಕೆ ಬರಲಿಲ್ಲ. “ಭಾನುವಾರ... ನಾನು ಬರ್ಲಾ ಮಿಸ್?”

“ಮಿಸ್ ಅನ್ಬೇಡಿ,” ಎಂದು ಕಣ್ಣೊರೆಸಿಕೊಂಡು ನಕ್ಕಳು. “ಬನ್ನಿ.”